ಡಾಕ್ಟರ್ ಬಾಯಾರು ಇಳಿಜಾರಿನಲ್ಲೇ ಗಾಡಿ ನಿಲ್ಲಿಸುತ್ತಿದ್ದರು

ಬೈಲಹೊಂಗಲದ ಮುರಗೋಡ ರಸ್ತೆಯಲ್ಲಿ ನನ್ನ ಅಂಗಡಿ ಇತ್ತು. ಮೂವತ್ತೆಂಟು ವರ್ಷ ಅಲ್ಲಿ ಕುಳಿತು ನಾನು ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ, ಗಾಡಿಗಳ ಸೆಲ್ಫ್ ರಿಪೇರಿ. ಡೈನಮೋ ಕಟ್ಟಿದ್ದೇನೆ, ವಾಯರಿಂಗ್ ಮಾಡಿದ್ದೇನೆ, ಒಮ್ಮೆ ಯಾರದೋ ಮದುವೆ ಮಂಟಪದ ಲೈಟಿನ ಸರವನ್ನೂ ಸರಿ ಮಾಡಿಕೊಟ್ಟಿದ್ದೇನೆ. ಆದರೂ ಜನ ಕರೆದದ್ದು ‘ಸೆಲ್ಫ್ ಈರಪ್ಪ’ ಎಂದು. ಮನೆಗೆ ಬರುವ ಲಗ್ನಪತ್ರಿಕೆಗಳ ಮೇಲೂ ಹಾಗೇ ಬರೆದಿರುತ್ತಾರೆ. ನನ್ನ ಮನೆತನದ ಹೆಸರು ಏನೆಂದು ಕೇಳಿದರೆ ನಮ್ಮ ಓಣಿಯವರಿಗೇ ಗೊತ್ತಿಲ್ಲ.

ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು ನನ್ನನ್ನು ಕಂಡಾಗ, “ಕಾಕಾ, ನಿಮ್ಮ ಕಾಲದಾಗ ಹೆಂಗಿತ್ತರಿ?” ಎಂದು ಕೇಳುತ್ತಾರೆ. ಬಾಯಿಂದ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಎಂಜಿನಿಯರರು ಓಡಿಸಿಕೊಂಡು ಬಂದ ಗಾಡಿಗಳನ್ನು ಅವರ ಎದುರಿಗೇ ಬಿಚ್ಚಿ, ಅವರಿಂದಲೇ ಟಾರ್ಚು ಹಿಡಿಸಿ ಕೆಲಸ ಮಾಡಿದ್ದೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸದಲ್ಲಿ ತಪ್ಪಿದ್ದನ್ನು ನಾನೇ ಹೇಳುತ್ತೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಸೆಲ್ಫ್ ಎಂದರೇನು ಎಂದು ಹೇಳಿಬಿಡುತ್ತೇನೆ. ಎಂಜಿನ್ ತಾನಾಗಿ ಏಳುವುದಿಲ್ಲ, ಅದನ್ನು ಯಾರಾದರೂ ಒಮ್ಮೆ ತಿರುಗಿಸಿ ಎಬ್ಬಿಸಬೇಕು. ಆ ಎಬ್ಬಿಸುವ ಮೋಟಾರಿಗೇ ಸೆಲ್ಫ್ ಎನ್ನುತ್ತೇವೆ. ನೀವು ಕೀಲಿ ತಿರುವಿದಾಗ ಅದರ ಬೆನ್ನಿಗಿರುವ ಸ್ವಿಚ್ಚು ‘ಟಕ್’ ಎನ್ನುತ್ತದೆ. ಆ ಸ್ವಿಚ್ಚಿನ ಒಳಗೆ ಎರಡು ತಾಮ್ರದ ತಲೆಗಳಿವೆ, ಒಂದು ತಾಮ್ರದ ಬಿಲ್ಲೆ ಹೋಗಿ ಎರಡಕ್ಕೂ ಬಡಿಯುತ್ತದೆ. ಬಡಿದ ಕೂಡಲೇ ಬ್ಯಾಟರಿಯ ಕರೆಂಟು ಮೋಟಾರಿಗೆ ಹರಿಯುತ್ತದೆ, ಮೋಟಾರು ಎಂಜಿನ್ನನ್ನು ತಿರುಗಿಸುತ್ತದೆ. ಇದು ಕೈಕೊಟ್ಟರೆ ನಾಲ್ಕು ಮಂದಿ ಬೆವರಿಳಿಸಿ ಗಾಡಿ ತಳ್ಳಬೇಕು, ಇಲ್ಲವೇ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಬೇಕು.

ನನಗೆ ಕೆಲಸ ಕಲಿಸಿದವರು ಇಮಾಮಸಾಬ ಉಸ್ತಾದರು. ಎತ್ತರದ ಆಳು, ಕಿವಿ ಬಹಳ ಚುರುಕು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿ, ತುದಿಯನ್ನು ಮೋಟಾರಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. “ಬುಶ್ ಹೋಗೇತಿ” ಎಂದರೆ ಮೋಟಾರಿನ ದಂಡ ತಿರುಗುವ ಆ ಬಳೆ ಸವೆದೇ ಹೋಗಿರುತ್ತಿತ್ತು. “ಕಾರ್ಬನ್ ಸವದೈತಿ” ಎಂದರೆ ಬಿಚ್ಚಿ ನೋಡುವ ಮುನ್ನವೇ, ಮೋಟಾರಿಗೆ ಕರೆಂಟು ಮುಟ್ಟಿಸುವ ಆ ಕರಿಯ ತುಂಡನ್ನು ನಾನು ಹೊಸದು ತಂದಿಡುತ್ತಿದ್ದೆ. ಅವರು ನನಗೆ ದಿನಕ್ಕೆ ಹತ್ತು ಸಲ ಹೇಳಿದ ಮಾತು ಇದು: “ತಾಮ್ರಕ್ಕ ತಾಮ್ರ ಮುಟ್ಟಬೇಕು ಬೇಟಾ. ನಡುವ ಯಾರೂ ಬರಬಾರ್ದು.” ಈ ಮಾತನ್ನು ನೆನಪಿಡಿ. ನಾನು ಇಡಲಿಲ್ಲ.

ಒಮ್ಮೆ ಅವರು ನನ್ನನ್ನು ಒಬ್ಬನನ್ನೇ ಕಿತ್ತೂರಿಗೆ ಕಳಿಸಿದರು. ಒಂದು ಜೀಪಿನ ಸೆಲ್ಫ್ ಬಿಚ್ಚಿ ತರಬೇಕಾಗಿತ್ತು. ಒಬ್ಬನೇ ಹೋಗುವ ಉಮೇದಿನಲ್ಲಿ ನಾನು ಬ್ಯಾಟರಿಯ ವಾಯರು ಕಳಚುವುದನ್ನೇ ಮರೆತು ನೇರವಾಗಿ ಸ್ಪ್ಯಾನರ್ ಹಚ್ಚಿದೆ. ಸ್ಪ್ಯಾನರಿನ ಇನ್ನೊಂದು ತುದಿ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ ಮುಟ್ಟಿತು. ಕಣ್ಣ ಮುಂದೆ ದೀಪಾವಳಿಯಾಯಿತು. ಬಲಗಡೆಯ ಹುಬ್ಬು ಸುಟ್ಟಿತು. ಓಡಿ ಹೋಗಿ ಬ್ಯಾಟರಿಯ ವಾಯರು ಕಿತ್ತು ಬಂದು ನೋಡಿದರೆ, ಸ್ಪ್ಯಾನರ್ ಚಾಸಿಗೆ ಅಂಟಿಕೊಂಡು ಕೂತಿತ್ತು. ಎಳೆದೆ, ಒದ್ದೆ, ಬರಲಿಲ್ಲ. ಜೀಪಿನ ಮಾಲಕರು ಊರ ಮಂದಿಯಿಂದ ತಳ್ಳಿಸಿ ಚಾಲೂ ಮಾಡಿ, ನನ್ನನ್ನೂ ಕೂಡಿಸಿಕೊಂಡು, ಸ್ಪ್ಯಾನರ್ ಸಮೇತ ಬೈಲಹೊಂಗಲಕ್ಕೆ ಬಂದರು. ಉಸ್ತಾದರು ಕೆಳಗೆ ಬಗ್ಗಿ ನೋಡಿದರು, ಆಮೇಲೆ ನನ್ನ ಹುಬ್ಬು ನೋಡಿದರು.

“ಏ ಈರ್ಯಾ, ನಾ ನಿನಗ ಸ್ಪ್ಯಾನರ್ ಅಷ್ಟ ಕೊಟ್ಟು ಕಳಿಸಿದ್ದೆ. ವೆಲ್ಡಿಂಗ್ ಯಾವಾಗ ಕಲತಿ?”

ಇಷ್ಟೇ ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಉಳಿ ಹೊಡೆದು ಬಿಡಿಸಿದ ಆ ಸ್ಪ್ಯಾನರ್ ಇವತ್ತಿಗೂ ನಮ್ಮ ಮನೆಯ ಗೋಡೆಯ ಮೊಳೆಗೆ ತೂಗುತ್ತಿದೆ. ಹೊಸಬರೇ, ಮೊದಲು ಬ್ಯಾಟರಿಯ ವಾಯರು ಬಿಚ್ಚಿ, ಆಮೇಲೆ ನಿಮ್ಮ ಶಾಣೇತನ ತೋರಿಸಿ.

ಉಸ್ತಾದರು ವಯಸ್ಸಾಗಿ ಸವದತ್ತಿಯ ಮಗಳ ಮನೆಗೆ ಹೋದ ಮೇಲೆ ನಾನು ಸ್ವಂತ ಅಂಗಡಿ ಹಾಕಿದೆ. ಹಾಕಿದವನು ಸುಮ್ಮನಿರಬೇಕಿತ್ತು. ಪೇಂಟರನ್ನು ಕರೆಸಿ, ದಪ್ಪ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡು ಬರೆಸಿದೆ: ‘ಇಲ್ಲಿ ಸೆಲ್ಫ್ ರಿಪೇರಿಯಾದ ಗಾಡಿಯನ್ನು ತಳ್ಳುವ ಕೆಲಸವಿಲ್ಲ.’ ಎದುರಿಗೆ ಚಹಾದ ಅಂಗಡಿಯ ಮಡಿವಾಳಪ್ಪ ಓದಿ, “ಏನೋ ಈರಪ್ಪ, ಇದು ಬೋರ್ಡೋ ಭವಿಷ್ಯೋ?” ಎಂದ. ಅವನಿಗೆ ಎಲ್ಲದಕ್ಕೂ ಕೊಂಕು ತೆಗೆಯುವ ಚಟ. ಆದರೆ ನಾಲ್ಕು ವರ್ಷ ಆ ಬೋರ್ಡು ಸುಳ್ಳಾಗಲಿಲ್ಲ. ಗಾಡಿ ಬಂದು ನಿಂತರೆ ಮೊದಲು ಒಂದು ಬಲ್ಬು, ಎರಡು ತುಂಡು ವಾಯರು ಹಿಡಿದು ಕರೆಂಟು ಎಲ್ಲಿಯವರೆಗೆ ಬರುತ್ತಿದೆ ನೋಡುತ್ತಿದ್ದೆ. ಬಿಚ್ಚಿ, ಕಾರ್ಬನ್ ಬದಲಿಸಿ, ಒಳಗೆ ತಿರುಗುವ ಆರ್ಮೇಚರಿಗೆ ಪಾಲಿಶ್ ಕಾಗದ ಹಾಕಿ, ಬುಶ್ ಹೊಡೆದು, ನೆಲದ ಮೇಲೆ ಕಾಲಲ್ಲಿ ಒತ್ತಿ ಹಿಡಿದು ತಿರುಗಿಸಿ ನೋಡಿ, ಆಮೇಲೆ ಕೂಡಿಸುತ್ತಿದ್ದೆ. ಕೂಡಿಸಿದ ಮೇಲೆ ಮೂರು ಬೆರಳಿನಿಂದ ಮೋಟಾರಿನ ಮೈಗೆ ವಿಭೂತಿ ಹಚ್ಚುವುದು ನನ್ನ ಪದ್ಧತಿ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೂ ಹಚ್ಚುತ್ತಾರೆ.

ಆ ಬೋರ್ಡಿಗೆ ಕಂಟಕವಾಗಿ ಬಂದವರು ಮುರಗೋಡದ ಡಾಕ್ಟರ್ ಬಾಯಾರು. ಬಸುರಿ ಬಾಣಂತಿಯರ ಡಾಕ್ಟರು, ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ. ಹೆಣ್ಣುಮಗಳಾದ್ದರಿಂದ ಎಲ್ಲರೂ ಅವರನ್ನು ಮರ್ಯಾದೆಯಿಂದ ‘ಬಾಯಾರು’ ಎಂದೇ ಕರೆಯುತ್ತಿದ್ದರು. ಬಿಳಿಯ ಡೀಸೆಲ್ ಕಾರು, ತಾವೇ ಓಡಿಸುತ್ತಿದ್ದರು. ಅದರ ಸೆಲ್ಫ್ ಮನಸ್ಸು ಬಂದರೆ ಎತ್ತುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅವರು ಎಲ್ಲಿ ಹೋದರೂ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಸಂಗೊಳ್ಳಿಯಲ್ಲಿ ಯಾರ ಮನೆಗೆ ಬಂದರೂ ಗಾಡಿ ನಿಲ್ಲುವುದು ಊರ ಹೊರಗಿನ ಒಂದು ಇಳುಕಲಿನಲ್ಲಿ, ಮುಂದೆ ಚೀಲ ಹಿಡಿದು ನಡಿಗೆ. ಒಂದು ಸಪಾಟು ಹಳ್ಳಿಯಲ್ಲಿ ಸೊಸೆಗೆ ದಿನ ತುಂಬಿದ್ದ ಮನೆಯವರು, ಬಾಯಾರು ಹೊಸ್ತಿಲವರೆಗೆ ಬರಲೆಂದು ಎರಡು ಗಾಡಿ ಗರಸು ಮಣ್ಣು ಸುರಿದು ಮನೆಯ ಮುಂದೆ ದಿಬ್ಬವನ್ನೇ ಮಾಡಿಸಿದ್ದರು. ಆ ದಿಬ್ಬದ ಮೇಲೆ ಆಮೇಲೆ ಊರ ಹುಡುಗರು ಸೈಕಲ್ ಕಲಿತರು.

ನನ್ನ ಅಂಗಡಿಯ ಹತ್ತಿರ, ನಲವತ್ತು ಹೆಜ್ಜೆ ಮೇಲಕ್ಕೆ, ರಸ್ತೆ ಚೆನ್ನಾಗಿ ಇಳಿಯುತ್ತಿತ್ತು. ಪ್ರತಿ ಗುರುವಾರ ಔಷಧಿ ಒಯ್ಯಲು ಬಂದ ಬಾಯಾರು ಅಲ್ಲಿ ಗಾಡಿ ನಿಲ್ಲಿಸುವರು. ಹೋಗುವಾಗ ಬ್ರೇಕು ಬಿಡುವರು. ಗಾಡಿ ಸದ್ದಿಲ್ಲದೆ ಉರುಳುತ್ತಾ ಬಂದು, ಸರಿಯಾಗಿ ನನ್ನ ಬೋರ್ಡಿನ ಎದುರಿಗೆ ‘ಡರ್’ ಎಂದು ಚಾಲೂ ಆಗಿ, ನನ್ನ ಮುಖದ ಮೇಲೆ ಹೊಗೆ ಬಿಟ್ಟು ಹೋಗುವುದು. ಮಡಿವಾಳಪ್ಪ ಪ್ರತಿ ಗುರುವಾರ ಎದ್ದು ನಿಂತು ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಒಂದು ಗುರುವಾರ ಅವರು ಗಾಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಎದುರಿಗೆ ನಿಂತೆ.

“ಬಾಯಾರ, ಒಂದ ಮಾತ ಹೇಳ್ಲ್ಯಾ?”

“ಏನು, ಜ್ವರಾ ಏನು?”

“ಜ್ವರಾ ಅಲ್ರಿ. ನಿಮ್ಮ ಗಾಡಿ ವಾರಾ ವಾರಾ ನನ್ನ ಬೋರ್ಡಿನ ಮುಂದ ಹಿಂಗ ಉರುಳಿ ಹೋದ್ರ, ಮಂದಿ ಏನ ತಿಳ್ಕೋಬೇಕ್ರಿ?”

ಅವರು ಬೋರ್ಡಿನ ಕಡೆ ನೋಡಿ ನಕ್ಕರು. “ಹುಬ್ಬಳ್ಳ್ಯಾಗ ಎರಡ ಸಲ ರಿಪೇರಿ ಮಾಡ್ಸೇನಪ್ಪ. ಆದ್ರೂ ಇಳಿಜಾರ ಹುಡಕೂದು ತಪ್ಪಿಲ್ಲ.”

“ನನ್ನ ಕೈಯಾಗ ಒಮ್ಮೆ ಕೊಡ್ರಿ. ಆಮ್ಯಾಲ ಒಂದ ತಿಂಗಳ ಸಪಾಟ ಜಾಗಾದಾಗ ನಿಲ್ಲಸ್ರಿ. ಒಂದ ಸಲ ತಳ್ಳೂ ಪ್ರಸಂಗ ಬಂದ್ರೂ ಬೋರ್ಡ್ ಇಳಿಸ್ತೇನಿ.”

“ಒಂದ ಸಲಕ್ಕ ಬ್ಯಾಡ. ಔಷಧ ಸೈತ ನಾವು ಮೂರ ಸಲ ಕೊಟ್ಟ ನೋಡತೇವಿ. ಮೂರ ಸಲ ಇರ್ಲಿ.” ಆಮೇಲೆ ನಗು ನಿಲ್ಲಿಸಿ ಹೇಳಿದರು, “ಆದ್ರ ಒಂದ ತಿಳ್ಕೋ ಈರಪ್ಪ. ನಾ ಹೋಗೂದು ಹೆರಿಗಿಗೆ. ಬ್ಯಾನಿ ತಿನ್ನಾಕಿನ್ನ ಗಾಡ್ಯಾಗ ಹಾಕ್ಕೊಂಡ ಹೊಂಟಾಗ ಇದು ಏಳಲಿಲ್ಲಂದ್ರ, ಹೋಗೂದು ನಿನ್ನ ಬೋರ್ಡ್ ಅಷ್ಟ ಅಲ್ಲ.”

ಎದುರಿನಿಂದ ಮಡಿವಾಳಪ್ಪ ಕೂಗಿದ, “ಬಾಯಾರ, ನಾ ಸಾಕ್ಷಿರಿ!”

ಗಾಡಿ ಇಳಿಸಿಕೊಂಡು ಬಿಚ್ಚಿದೆ. ಕಾರ್ಬನ್ ಹಲ್ಲಿಯ ಬಾಲದಷ್ಟು ಉಳಿದಿತ್ತು, ಬುಶ್ ಸವೆದು ಆರ್ಮೇಚರ್ ಓಲಾಡುತ್ತಿತ್ತು. ಸ್ವಿಚ್ಚಿನ ತಾಮ್ರದ ತಲೆಗಳೂ ಸುಟ್ಟು ಕರಿಯಾಗಿದ್ದವು, ತಿಕ್ಕಿ ಬಂಗಾರದ ಹಾಗೆ ಮಾಡಿದೆ. ಅಂಥ ಕೆಲಸ ನಾನು ನನ್ನ ಜೀವಮಾನದಲ್ಲಿ ಮಾಡಿರಲಿಲ್ಲ. ಮುಚ್ಚುವ ಹೊತ್ತಿಗೆ ತಲೆಯಲ್ಲಿ ಒಂದು ವಿಚಾರ ಬಂತು. ಮೋಟಾರಿನ ಮೈಗೆ ಹಚ್ಚಿದ ವಿಭೂತಿ ರಸ್ತೆಯ ರಾಡಿ ನೀರಿಗೆ ಎರಡು ದಿನದಲ್ಲಿ ತೊಳೆದು ಹೋಗುತ್ತದೆ. ಎಷ್ಟೊಂದು ಜೀವ ಉಳಿಸುವವರ ಗಾಡಿ ಇದು, ಇದಕ್ಕೆ ಕಾಯಂ ರಕ್ಷಣೆ ಬೇಕು. ಹೀಗೆಂದು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಸ್ವಿಚ್ಚಿನ ಕರಿಯ ಮುಚ್ಚಳದ ಒಳಮೈಗೆ ಮೂರು ಗೆರೆ ಎಳೆದು, ಕೈ ಮುಗಿದು, ಸ್ಕ್ರೂ ಬಿಗಿದೆ.

ಅರ್ಧ ಕೀಲಿಗೇ ಎಂಜಿನ್ ಎದ್ದಿತು. ಬಾಯಾರಿಗೆ ಖುಷಿಯಾಯಿತು. ಮಡಿವಾಳಪ್ಪ ಅವತ್ತು ಚಹಾದಲ್ಲಿ ಸಕ್ಕರೆ ಕಡಿಮೆ ಹಾಕಿದ.

ಹನ್ನೊಂದನೆಯ ದಿನ ಸುದ್ದಿ ಬಂತು. ಸಂಗೊಳ್ಳಿಯಲ್ಲಿ ಒಂದು ಮನೆಯ ಎದುರಿನ ಸಪಾಟು ಜಾಗದಲ್ಲಿ ಗಾಡಿ ‘ಟಕ್’ ಎಂದು ಸುಮ್ಮನಾಗಿತ್ತು. ಪುಣ್ಯಕ್ಕೆ ಹೆರಿಗೆ ಆಗಿ ಹೋಗಿತ್ತು. ಆಗಷ್ಟೇ ಅಪ್ಪನಾದವನೂ ಸೇರಿ ಆರು ಮಂದಿ ತಳ್ಳಿದರಂತೆ. ಗಾಡಿ ಅಂಗಡಿಗೆ ಬಂತು. ಸ್ವಿಚ್ಚಿನ ಮುಚ್ಚಳ ತೆಗೆದೆ. ನೋಡಿದರೆ ನಾನು ಎಳೆದ ಮೂರು ಗೆರೆಗಳಲ್ಲಿ ಒಂದು ಪೂರಾ ಅಳಿಸಿ ಹೋಗಿತ್ತು, ಎರಡನೆಯದು ಅರ್ಧ. ವಿಭೂತಿ ಅಳಿಸಿದ್ದಕ್ಕೇ ಹೀಗಾಯಿತು ಎಂದು ಖಾತ್ರಿ ಮಾಡಿಕೊಂಡೆ. ಒಳಗೆಲ್ಲ ಚಿಂದಿಯಿಂದ ಒರೆಸಿ, ಈ ಸಲ ಗಟ್ಟಿಯಾಗಿ ತೇದು, ದಪ್ಪ ದಪ್ಪ ಮೂರು ಗೆರೆ ಎಳೆದೆ. ಗಾಡಿ ಮತ್ತೆ ಅರ್ಧ ಕೀಲಿಗೇ ಎದ್ದಿತು. ನೋಡಿದಿರಾ, ನನ್ನ ನಂಬಿಕೆಗೆ ಪುರಾವೆಯೂ ಸಿಕ್ಕಿತು.

ಎರಡನೆಯ ಸಲ ಸವದತ್ತಿಯ ಪೇಟೆಯ ನಡುವೆ ನಿಂತಿತು. ಬಾಳೆಹಣ್ಣಿನ ಬುಟ್ಟಿ ಇಳಿಸಿ ಹೆಂಗಸರೂ ಕೈ ಹಚ್ಚಿದರಂತೆ. ಬಾಯಾರು ಎರಡು ಬೆರಳು ಎತ್ತಿ ತೋರಿಸಿ ಅಂಗಡಿಯಲ್ಲಿ ಕುಳಿತರು. ಮಡಿವಾಳಪ್ಪ ಹತ್ತಿರ ಬಂದು, “ಸವದತ್ತ್ಯಾಗ ಉಸ್ತಾದರ ಅದಾರು. ಒಮ್ಮೆ ಕೇಳಬಾರದೇನೋ?” ಎಂದ. ಆ ಸಲ ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೆ ನನಗೆ ಸೊಕ್ಕು. ಸ್ವಂತ ಬೋರ್ಡು ಹಾಕಿಕೊಂಡವನು ಗುರುವಿನ ಮುಂದೆ ಹೋಗಿ ಹಲ್ಲು ಕಿರಿಯುವುದೇ?

ಕೇಳುವ ಬದಲು ರಾಮದುರ್ಗಕ್ಕೆ ಹೋದೆ. ಅಲ್ಲಿ ಹಳೆಯ ಗಾಡಿ ಒಡೆಯುವವರ ಕಡೆ ಅದೇ ಮಾದರಿಯ ಚಲೋ ಮೋಟಾರು ಸಿಕ್ಕಿತು. ಅಲ್ಲೊಬ್ಬ ಡ್ರೈವರ್ ಪರಿಚಯವಾದ. ದಾರಿಯಲ್ಲಿ ಕಾರ್ಬನ್ ಮುಗಿದಾಗ ಬ್ಯಾಟರಿ ಶೆಲ್ಲು ಒಡೆದು, ಅದರೊಳಗಿನ ಕರಿಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ಕಾರ್ಬನ್ ಮಾಡಿಕೊಂಡು ಊರು ಮುಟ್ಟಿದ್ದನಂತೆ. ಅಂಥವನಿಗೆ ನಾನು ಕೈ ಮುಗಿದೆ. ಮೋಟಾರು ತಂದು ಇಡೀ ಸೆಲ್ಫ್ ಬದಲಿಸಿದೆ. ಗೇರು ಬೇರೆ, ಆರ್ಮೇಚರ್ ಬೇರೆ, ಬ್ಯಾಟರಿಯ ವಾಯರುಗಳಂತೂ ಹೊಸವೇ. ಬದಲಿಸದೆ ಉಳಿಸಿದ್ದು ಒಂದೇ ಒಂದು, ಆ ಸ್ವಿಚ್ಚು. ಅದರಲ್ಲಿ ವಿಭೂತಿ ಇತ್ತಲ್ಲ, ಬಿಸಾಡಲು ಮನಸ್ಸು ಬರಲಿಲ್ಲ. ಒರೆಸಿ, ಈ ಸಲ ಗೆರೆಗಳ ನಡುವೆ ಒಂದು ಬೊಟ್ಟನ್ನೂ ಇಟ್ಟೆ.

ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಯಾರು ನೇರವಾಗಿ ನನ್ನ ಅಂಗಡಿಯ ಮುಂದೆ, ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿದರು. “ಈರಪ್ಪ, ಗೆದ್ದಂಗ ಕಾಣತೈತಿ” ಎಂದು ಕೀಲಿ ಬಂದ್ ಮಾಡಿದರು. ನಾನು ಮಡಿವಾಳಪ್ಪನ ಕಡೆ ನೋಡಿ ಮೀಸೆಯ ಮೇಲೆ ಕೈ ಇಟ್ಟೆ. ಅವನು, “ಬಾಯಾರ, ಇನ್ನೊಮ್ಮೆ ಚಾಲೂ ಮಾಡಿ ತೋರಸ್ರಿ, ನಾನೂ ಕಣ್ಣ ತುಂಬ ನೋಡತೇನಿ” ಎಂದ.

ಟಕ್.

ಮತ್ತೊಮ್ಮೆ. ಟಕ್.

ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು. ಬಾಯಾರು ಕೆಳಗಿಳಿದರು. ಮಡಿವಾಳಪ್ಪನ ಬಾನಿಯಿಂದ ನೀರು ಹಾಕಿಸಿಕೊಂಡು ಮೊಣಕೈತನಕ ಕೈ ತೊಳೆದರು. “ನನ್ನ ಮುಂದ ಬಿಚ್ಚು. ನಾ ನೋಡೂ ಹೊಟ್ಟಿ ಬ್ಯಾರೆ, ಖರೆ. ಆದ್ರ ಕಣ್ಣ ಅವ ಅಲ್ಲ?”

ಗಾಡಿಯ ಕೆಳಗೆ ತೂರಿ ಸೆಲ್ಫ್ ಇಳಿಸಿದೆ. ಗೋಣಿಚೀಲದ ಮೇಲೆ ಇಟ್ಟು ಸ್ವಿಚ್ಚಿನ ಮುಚ್ಚಳ ತೆಗೆದೆ. ಬಾಯಾರು ನನ್ನ ಭುಜದ ಮೇಲಿಂದ ಬಗ್ಗಿದರು. ತಾಮ್ರದ ತಲೆಗಳ ಮೇಲೆ, ಬಿಲ್ಲೆಯ ಮೇಲೆ, ಎಲ್ಲ ಕಡೆ ತೆಳ್ಳಗೆ ಬೆಳ್ಳಗೆ ಪುಡಿ ಕೂತಿತ್ತು. ಅವರು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದರು.

“ಏನಿದು?”

“ವಿಭೂತಿರಿ.”

“ಒಳಗ ಹೆಂಗ ಬಂತು?”

“ನಾನ ಹಚ್ಚೇನ್ರಿ, ಮುಚ್ಚಳಕ್ಕ. ಗಾಡಿಗೆ ಚಲೋ ಆಗ್ಲಿ ಅಂತ.”

“ಹಚ್ಚಿದ್ದು ಒಣಗಿ, ಕುಲುಕಾಡಿ ಉದರೇತಿ. ಎರಡು ತಾಮ್ರದ ನಡುವ ಬೂದಿ ಕುಂತ್ರ ಕರೆಂಟ್ ಹೆಂಗ ಹೋಗಬೇಕು?”

ಉಸ್ತಾದರ ಮಾತು ನನ್ನ ಕಿವಿಯಲ್ಲಿ ಗಂಟೆ ಹೊಡೆದಂತೆ ಕೇಳಿಸಿತು. ಪ್ರತಿ ಸಲ ಗಾಡಿ ಸರಿಯಾದದ್ದು ನಾನು ಚಿಂದಿಯಿಂದ ಒರೆಸಿದ್ದಕ್ಕೆ, ಪ್ರತಿ ಸಲ ಕೆಟ್ಟದ್ದು ನಾನು ಭಕ್ತಿಯಿಂದ ಹಚ್ಚಿದ್ದಕ್ಕೆ. ರಾಮದುರ್ಗದವರೆಗೆ ಹೋಗಿ ಇಡೀ ಮೋಟಾರು ಬದಲಿಸಿ, ರೋಗವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದೆ.

ಬಾಯಾರು ನಿಧಾನವಾಗಿ ಹೇಳಿದರು, “ಈರಪ್ಪ, ನಾನೂ ಆಪರೇಶನ್‌ಕ್ಕಿಂತ ಮೊದಲ ವಿಭೂತಿ ಹಚ್ಕೋತೇನಿ. ಆದ್ರ ನನ್ನ ಹಣಿಗೆ ಹಚ್ಕೋತೇನಪ್ಪ. ಪೇಶಂಟಿನ ಹೊಟ್ಟ್ಯಾಗ ಇಟ್ಟು ಹೊಲಿಗಿ ಹಾಕಂಗಿಲ್ಲ.”

ನಗು ಮೊದಲು ಎದ್ದದ್ದು ಮಡಿವಾಳಪ್ಪನ ಅಂಗಡಿಯಿಂದ. ಆಮೇಲೆ ರಸ್ತೆಗೆ ಹಬ್ಬಿತು. ಒಬ್ಬ ಮುದುಕ ಏನೂ ಅರ್ಥವಾಗದೆ ಸುಮ್ಮನೆ ಉಳಿದವರ ಜೊತೆ ನಕ್ಕ. ನಾನು ತಲೆ ತಗ್ಗಿಸಿ ತಾಮ್ರ ಒರೆಸಿದೆ, ಮುಚ್ಚಳ ತೊಳೆದು ಒಣಗಿಸಿ ಹಾಕಿದೆ, ಸೆಲ್ಫ್ ಕೂಡಿಸಿದೆ. ಗಾಡಿ ಎದ್ದಿತು. ಅವರು ಗಾಡಿ ಬಿಡುವ ಮೊದಲೇ ನಾನು ನಿಚ್ಚಣಿಕೆ ಹಚ್ಚಿ ಹತ್ತಿ ಬೋರ್ಡು ಬಿಚ್ಚತೊಡಗಿದೆ.

“ಇದ ಲೆಕ್ಕಕ್ಕಿಲ್ಲ ಬಿಡೋ. ನಿನ್ನ ಕೆಲಸಾ ಕೆಟ್ಟಿಲ್ಲ” ಎಂದರು ಬಾಯಾರು.

“ಮಾತ ಕೊಟ್ಟೇನ್ರಿ ಬಾಯಾರ. ಮೂರ ಸಲ ಅಂದ್ರ ಮೂರ ಸಲ.”

ಅದುವರೆಗೆ ನಗುತ್ತಿದ್ದ ಮಡಿವಾಳಪ್ಪನೇ ಬಂದು ಕೆಳಗಿನಿಂದ ಬೋರ್ಡು ಹಿಡಿದುಕೊಂಡ. ಅದನ್ನು ಬೋರಲು ಮಾಡಿ ಎರಡು ಕಲ್ಲುಗಳ ಮೇಲೆ ಇಟ್ಟೆವು. ಗಿರಾಕಿಗಳು ಕುಳಿತುಕೊಳ್ಳಲು ಒಳ್ಳೆಯ ಹಲಗೆಯಾಯಿತು. ಮುಂದೆ ಅಂಗಡಿಗೆ ಬೋರ್ಡು ಹಾಕಲೇ ಇಲ್ಲ. ‘ಬೋರ್ಡಿಲ್ಲದ ಅಂಗಡಿ ಎಲ್ಲಿ’ ಎಂದು ಕೇಳಿಕೊಂಡೇ ಜನ ಬಂದರು, ಮೊದಲಿಗಿಂತ ಹೆಚ್ಚೇ ಬಂದರು. ವಿಭೂತಿ ಹಚ್ಚುವುದನ್ನೂ ಬಿಡಲಿಲ್ಲ, ಆದರೆ ಹೊರಗೆ. ಸವದತ್ತಿಗೆ ಹೋಗಿ ಉಸ್ತಾದರಿಗೂ ಎಲ್ಲ ಒಪ್ಪಿಸಿ ಬಂದೆ. ಅವರು, “ನಡುವ ಯಾರೂ ಬರಬಾರ್ದು ಅಂದಿದ್ದೆ. ನೀ ದೇವ್ರನ್ನ ಕರಕೊಂಡ ಬಂದ್ಯಲ್ಲೋ” ಎಂದರು.

ಆ ಗುರುವಾರದಿಂದ ಬಾಯಾರು ಇಳಿಜಾರು ಹುಡುಕುವುದನ್ನು ಬಿಟ್ಟರು. ಹಳ್ಳಿಗಳಲ್ಲಿ ಹೊಸ್ತಿಲವರೆಗೆ ಗಾಡಿ ಹೋಯಿತು. ಆ ಕಾರು ಮಾರಿ ಇನ್ನೊಂದು ಕೊಂಡರು, ಅದರ ಸೆಲ್ಫ್‌ ಅನ್ನೂ ನಾನೇ ನೋಡಿಕೊಂಡೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಯಾರೂ ತಳ್ಳಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆದರೆ ಸುಳ್ಳಾದೀತು, ಜಂಬಕ್ಕೇ ಹೇಳುತ್ತಿದ್ದೇನೆ.

ಈಚಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಈಗಿನ ಎಷ್ಟೋ ಸ್ವಿಚ್ಚುಗಳ ಮುಚ್ಚಳ ತೆಗೆಯಲು ಬರುವುದೇ ಇಲ್ಲ. ಕೆಟ್ಟರೆ ಇಡಿಯಾಗಿ ತೆಗೆದು ಹೊಸದನ್ನು ಕೂಡಿಸುತ್ತಾರೆ, ಅರ್ಧ ತಾಸಿನ ಕೆಲಸ. ತಪ್ಪೇನಿಲ್ಲ, ಬೀದಿಯಲ್ಲಿ ನಿಂತವನಿಗೆ ಬೇಗ ಮನೆ ಮುಟ್ಟಬೇಕಾಗಿರುತ್ತದೆ. ಆದರೆ ಹೊಸದನ್ನು ಹಾಕುವ ಮೊದಲು ಬ್ಯಾಟರಿಯ ತಲೆಗಳು, ಚಾಸಿಗೆ ಹೋಗುವ ಅರ್ಥಿಂಗ್ ವಾಯರು, ಇವೆರಡನ್ನು ಕೈಯಿಂದ ಅಲುಗಾಡಿಸಿ ನೋಡಿ. ತಪ್ಪಿಲ್ಲದ ಸೆಲ್ಫ್‌ಗಳನ್ನು ಜನ ಗುಜರಿಗೆ ಹಾಕಿದ್ದನ್ನು ನಾನು ಬಹಳ ಕಂಡಿದ್ದೇನೆ. ನೀವು ಕಂಪ್ಯೂಟರ್ ಹಚ್ಚಿ ನೋಡುತ್ತೀರಿ, ನೋಡಿ. ಒಮ್ಮೆ ಕಿವಿಯನ್ನೂ ಹಚ್ಚಿ.

ಕಳೆದ ವರ್ಷ ಸೊಂಟ ಹಟ ಹಿಡಿಯಿತು. ಬ್ಯಾಟರಿ ಮಾರುವವರೊಬ್ಬರಿಗೆ ಅಂಗಡಿ ಬಿಟ್ಟುಕೊಟ್ಟೆ. ಕೊನೆಯ ದಿನ ಹತ್ಯಾರಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಬಾಯಾರು ಬಂದರು. ತಲೆ ಪೂರಾ ಬೆಳ್ಳಗಾಗಿದೆ, ದವಾಖಾನೆ ಬಿಟ್ಟು ಎರಡು ವರ್ಷವಾಯಿತು, ಗಾಡಿ ಮಾತ್ರ ಇನ್ನೂ ತಾವೇ ಓಡಿಸುತ್ತಾರೆ. ಬೋರಲು ಬಿದ್ದ ಬೋರ್ಡಿನ ಮೇಲೆ ಕುಳಿತರು. ಮಡಿವಾಳಪ್ಪ ಚಹಾ ತಂದ. ಹಳೆಯದೆಲ್ಲ ಮಾತಾಡಿ ನಕ್ಕೆವು. ಹೊಸ ಕಾರು ಕೊಂಡಿದ್ದೇನೆ ಎಂದರು, ಕೀಲಿ ಇಲ್ಲವಂತೆ, ಗುಂಡಿ ಒತ್ತುವುದಂತೆ, ಗೇರೂ ತಾನೇ ಬೀಳುತ್ತದಂತೆ.

“ಎಲ್ಲೈತ್ರಿ ಗಾಡಿ? ನೋಡೂಣಲ್ಲ” ಎಂದು ಹೊರಗೆ ಬಂದು ನೋಡಿದೆ. ಅಂಗಡಿಯ ಮುಂದಿನ ಸಪಾಟು ಜಾಗ ಖಾಲಿ. ನಲವತ್ತು ಹೆಜ್ಜೆ ಮೇಲೆ, ಅದೇ ಇಳಿಜಾರಿನಲ್ಲಿ, ಹೊಸ ಗಾಡಿ ಮೂತಿ ಕೆಳಗೆ ಮಾಡಿ ನಿಂತಿತ್ತು.

ನನ್ನ ಮುಖ ಸಣ್ಣದಾಯಿತು. “ಇದೇನ್ರಿ ಬಾಯಾರ, ಇಷ್ಟ ವರ್ಷ ಆದ ಮ್ಯಾಲ? ಅದೂ ಇಂಥಾ ಗಾಡಿ ಉರುಳಿಸಿದ್ರ ಚಾಲೂ ಆಗಂಗಿಲ್ರಿ.”

“ಗೊತ್ತೈತಿ” ಎಂದು ಅವರು ಚಹಾದ ಕಪ್ಪು ಕೆಳಗಿಟ್ಟರು. “ಆದ್ರೂ ಏನ ಮಾಡ್ಲಿ? ಇದರಾಗ ನೀ ಇನ್ನೂ ಕೈ ಹಾಕಿಲ್ಲಲ್ಲೋ.”